ಬೆಂಗಳೂರಿನ ಬಡಾವಣೆಗಳೂ ಮನೆಗಳ ಕ್ರಯವೂ

ಮನೆಯೊಂದನ್ನು ಮಾರುವ ಕ್ರಯಪತ್ರದಲ್ಲಿ ಮಾರಲ್ಪಡುವ ಸೊತ್ತಿನ ವರ್ಣನೆಗಿಂತ ಮಾರಲ್ಪಡದ ಸೊತ್ತುಗಳ ವರ್ಣನೆಯೇ ಎದ್ದು ಕಾಣುವುದು. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಸರ್ಕಾರಿ ರಸ್ತೆ, ಉತ್ತರಕ್ಕೆ ಓಣಿ, ದಕ್ಷಿಣಕ್ಕೆ ಉದ್ಯಾನದ ಬೇಲಿ ಎಂದು ಚಕ್ಕುಬಂದಿಯನ್ನು ಬರೆದ ಹೊರತು ಪತ್ರವು ಪೂರ್ಣವಾಗದು. ಸೊತ್ತಿನ ಗುರುತಿಗೋಸ್ಕರ ಹುಟ್ಟಿದ ಪದ್ಧತಿ ಇದಾದರೂ, ಕ್ರಯವಿಕ್ರಯಗಳ ಮರ್ಮವನ್ನು ವಿಚಾರಿಸುವವರಿಗೆ ಇದರಲ್ಲಿ ಮತ್ತೊಂದು ತಥ್ಯವು ಗೋಚರವಾಗುತ್ತದೆ. ಇಟ್ಟಿಗೆ, ಗಾರೆ, ತೊಲೆ, ಹೆಂಚುಗಳ ಬೆಲೆಯು ಒಂದು ಊರಿನ ಎಲ್ಲ ಕಡೆಗಳಲ್ಲಿಯೂ ಹೆಚ್ಚು ಕಡಮೆ ಒಂದೇ ಆಗಿರುವುದು. ಹಾಗಿದ್ದೂ ಒಂದೇ ಅಳತೆಯ, ಒಂದೇ ವಯಸ್ಸಿನ ಎರಡು ಮನೆಗಳ ಕ್ರಯದಲ್ಲಿ ಅಜಗಜಾಂತರವು ಕಂಡುಬಂದರೆ ಅದಕ್ಕೆ ಕಾರಣವನ್ನು ಗೋಡೆಯೊಳಗೆ ಹುಡುಕಿ ಫಲವಿಲ್ಲ, ಚಕ್ಕುಬಂದಿಯಲ್ಲಿ ಹುಡುಕಬೇಕು. ಮನೆಯನ್ನು ಕೊಳ್ಳುವವನು ಹಣ ಕೊಡುವುದು ತನ್ನ ಗೋಡೆಗೆ ಎಷ್ಟೋ, ಎದುರಿನ ಬೀದಿಗೂ ಹಿಂದಣ ಓಣಿಗೂ ನೆರೆಯ ಉದ್ಯೋಗಕ್ಕೂ ಅಷ್ಟೇ, ಕೆಲವೊಮ್ಮೆ ಅದಕ್ಕೂ ಮಿಗಿಲು.

ವೈಶೇಷಿಕರು ದ್ರವ್ಯಕ್ಕೆ ಗುಣಗಳನ್ನು ಎಣಿಸುವಾಗ ರೂಪರಸಾದಿಗಳ ಜೊತೆಗೆ ಪರತ್ವ, ಅಪರತ್ವ, ಎಂದರೆ ದೂರವಾಗಿರುವಿಕೆ, ಹತ್ತಿರವಾಗಿರುವಿಕೆ ಎಂಬಿವನ್ನೂ ಗುಣಗಳೆಂದೇ ಎಣಿಸಿರುವರು. ತರ್ಕಪಾಠದಲ್ಲಿ ಇದನ್ನು ಕಂಠಪಾಠ ಮಾಡುವ ವಿದ್ಯಾರ್ಥಿಗೆ ಇದರ ಪ್ರಯೋಜನವು ಸುಲಭವಾಗಿ ತೋರದು. ನಿವೇಶನವನ್ನು ಕೊಳ್ಳಲು ಹೊರಟ ಗೃಹಸ್ಥನಿಗೆ ಮೊದಲ ದಿನವೇ ತೋರುವುದು. ಪಾಶ್ಚಾತ್ಯರಲ್ಲಿ ಈ ವಿಚಾರವು ಕೃಷಿಭೂಮಿಯಿಂದ ಆರಂಭವಾಯಿತು. ಇಂಗ್ಲೆಂಡಿನ ರಿಕಾರ್ಡೋ ೧೮೧೭ರಲ್ಲಿ ನೆಲದ ಸಾರವನ್ನನುಸರಿಸಿ ಗೇಣಿಯು ಬೇರೆಯಾಗುವ ರೀತಿಯನ್ನೂ, ಜರ್ಮನಿಯ ಫಾನ್ ಟ್ಯೂನೆನ್ ೧೮೨೬ರಲ್ಲಿ ಸಂತೆಯಿಂದ ದೂರ ಹೋದಂತೆಲ್ಲ ಗೇಣಿಯು ಇಳಿಯುವ ರೀತಿಯನ್ನೂ ನಿರೂಪಿಸಿದರು. ಇದನ್ನೇ ಅಮೆರಿಕದ ಅಲೋನ್ಸೋ ೧೯೬೪ರಲ್ಲಿ ನಗರದ ನೆಲಕ್ಕೆ ಅನ್ವಯಿಸಿದನು. ಮನೆಯ ಕ್ರಯವೆಂಬುದು ಒಂದು ಕ್ರಯವಲ್ಲದೆ ಕೊಠಡಿ, ಅಂಗಳ, ಬೀದಿ, ಉದ್ಯಾನ, ನೆರೆ ಇವೇ ಮೊದಲಾದ ಹಲವು ಗುಣಗಳ ಕ್ರಯಗಳ ಮೊತ್ತವೆಂಬ ಪರಿಯಲ್ಲಿ ೧೯೭೪ರಲ್ಲಿ ಷೆರ್ವಿನ್ ರೋಸೆನ್ ಎಂಬ ಪಂಡಿತನು ಗಣಿತಮಾರ್ಗವನ್ನು ತೋರಿಸಿದನು. ಸಿದ್ಧಾಂತವು ಇಷ್ಟು ಸಾಕು. ಬೆಂಗಳೂರಿನ ಪೂರ್ವೋತ್ತರವನ್ನು ನೋಡಿದರೆ ಇದು ಸಿದ್ಧಾಂತಕ್ಕಿಂತಲೂ ಸ್ಪಷ್ಟವಾಗಿ ತಿಳಿಯುತ್ತದೆ.

ಆದರೆ ಅದಕ್ಕೆ ಮೊದಲು ನಮ್ಮ ದೇಶದ ಒಂದು ಪ್ರಾಚೀನ ವಿಧಿಯನ್ನು ಸ್ಮರಿಸುವುದು ಉಚಿತ. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ಗುರುತಿಸಿ ೧೯೦೯ರಲ್ಲಿ ಮುದ್ರಿಸಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದುರ್ಗನಿವೇಶವೆಂಬ ಪ್ರಕರಣವೊಂದಿದೆ. ಈಗ ಕನ್ನಡದಲ್ಲಿ ನಿವೇಶನವೆಂದರೆ ಒಬ್ಬನು ಮನೆ ಕಟ್ಟುವ ತುಂಡುನೆಲ. ಆ ಗ್ರಂಥದಲ್ಲಿ ನಿವೇಶವೆಂದರೆ ಊರನ್ನೆಲ್ಲ ನೆಲೆಗೊಳಿಸುವ ಕ್ರಮ. ಒಂದೇ ಧಾತುವಿನಿಂದ ಬಂದ ಶಬ್ದವು ಊರಿನಿಂದ ಕುಗ್ಗಿ ತುಂಡಿಗೆ ಬಂದು ನಿಂತಿರುವುದು ವಿನೋದವಾಗಿದೆ. ಪೂರ್ವಪಶ್ಚಿಮವಾಗಿ ಮೂರು, ದಕ್ಷಿಣೋತ್ತರವಾಗಿ ಮೂರು ರಾಜಮಾರ್ಗಗಳು, ಹತ್ತು ಕುಟುಂಬಗಳಿಗೆ ಒಂದು ಬಾವಿ, ಬೆಂಕಿಯಿಂದ ಜೀವಿಸುವ ಕಸುಬಿನವರಿಗೆ ಒಂದೇ ಪ್ರತ್ಯೇಕ ಸ್ಥಳ ಎಂದು ಮೊದಲಾಗಿ ನೆಲದ ವಿನಿಯೋಗವನ್ನು ಕೌಟಿಲ್ಯನು ನಿಯಮಿಸುತ್ತಾನೆ. ಮನೆಗಳ ಮಾರಾಟದ ವಿಷಯದಲ್ಲಿ ಅವನ ವಿಧಿಯು ಇನ್ನೂ ಕುತೂಹಲಕರವಾದುದು. ಮನೆಯನ್ನು ಮಾರುವವನು ನೆರೆಯ ನಾಲ್ವತ್ತು ಕುಲಗಳವರ ಎದುರಿನಲ್ಲಿ, ಆ ಮನೆಯ ಮುಂದೆಯೇ, ಎಲ್ಲೆಗಳನ್ನು ಹೇಳಿ ಕ್ರಯವನ್ನು ಸಾರಬೇಕು. ಕೊಳ್ಳುವವರ ಪೈಪೋಟಿಯಿಂದ ಸಾರಿದ ಕ್ರಯಕ್ಕಿಂತ ಹೆಚ್ಚು ಬಂದರೆ ಆ ಹೆಚ್ಚಳವು ಸುಂಕದೊಡನೆ ರಾಜನ ಬೊಕ್ಕಸಕ್ಕೆ ಸೇರಬೇಕು. ಇದು ಎಂದಾದರೂ ಯಾವ ರಾಜ್ಯದಲ್ಲಿಯಾದರೂ ಪೂರ್ಣವಾಗಿ ನಡೆಯಿತೋ ಇಲ್ಲವೋ ಎಂಬ ಪ್ರಶ್ನೆಯು ಬೇರೆ. ಪೈಪೋಟಿಯ ಹೆಚ್ಚಳವು ಮನೆಯ ಒಡೆಯನ ದುಡಿಮೆಯ ಫಲವಲ್ಲವೆಂಬ ವಿವೇಕವು ಆ ವಿಧಿಯಲ್ಲಿರುವುದಂತೂ ನಿಶ್ಚಯ. ಮುಂದೆ ಹೇಳುವ ವೃತ್ತಾಂತಕ್ಕೆ ಇದು ಒರೆಗಲ್ಲಾಗಬಹುದು.

ಕೆಂಪೇಗೌಡನು ೧೫೩೭ರಲ್ಲಿ ಕಟ್ಟಿಸಿದ ಊರಿನಲ್ಲಿ ದಕ್ಷಿಣೋತ್ತರವಾದ ದೊಡ್ಡಪೇಟೆಯೂ ಪೂರ್ವಪಶ್ಚಿಮವಾದ ಚಿಕ್ಕಪೇಟೆಯೂ ಒಂದನ್ನೊಂದು ಕತ್ತರಿಸುವ ಚೌಕವೇ ನಡುಮಧ್ಯ. ಅದರ ಸುತ್ತ ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ತರಗುಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ, ನಗರ್ತಪೇಟೆ ಎಂದು ಸರಕಿನ ಹೆಸರಿನಿಂದಲೂ ಕುಲದ ಹೆಸರಿನಿಂದಲೂ ಬೀದಿಗಳು ಬೆಳೆದವು. ಇಲ್ಲಿ ನೆಲದ ವಿನಿಯೋಗವನ್ನು ಯಾವ ಅಧಿಕಾರಿಯೂ ಪಟದಲ್ಲಿ ಬಣ್ಣ ಹಚ್ಚಿ ಗೊತ್ತುಮಾಡಬೇಕಾಗಿರಲಿಲ್ಲ. ಬೀದಿಯ ಹೆಸರೇ ಅದನ್ನು ಸಾರುತ್ತಿತ್ತು. ಮನೆಗಳ ಆಕಾರವೂ ವ್ಯಾಪಾರಕ್ಕೆ ಅನುಗುಣವಾಗಿ, ಬೀದಿಗೆ ಅಗಲ ಕಡಮೆ, ಒಳಕ್ಕೆ ಉದ್ದ ಹೆಚ್ಚು. ಮುಂದೆ ಅಂಗಡಿ, ನಡುವೆ ತೊಟ್ಟಿ, ಹಿಂದೆ ಅಡುಗೆಮನೆ ಮತ್ತು ದಾಸ್ತಾನು. ಬೀದಿಯ ಮೊಗಕ್ಕೆ ಸಿಕ್ಕುವ ಒಂದೊಂದು ಮೊಳವೂ ಸಂಪಾದನೆಯ ಬಾಗಿಲಾದುದರಿಂದ ಎಲ್ಲರಿಗೂ ಮೊಗದ ಮೇಲೆ ಆಶೆ. ಹಿಂಬದಿಯಲ್ಲಿ ಗಾಳಿಬೆಳಕಿನ ಚಿಂತೆ ಯಾರಿಗೂ ಇಲ್ಲ. ಪೇಟೆಯ ನೆಲಕ್ಕೆ ಬೆಲೆ ತಂದ ರೂಪವೇ ಪೇಟೆಯನ್ನು ಉಸಿರು ಕಟ್ಟುವಂತೆ ಮಾಡಿತು.

ಪೇಟೆಯ ಪೂರ್ವಕ್ಕೆ ೧೮೦೯ರಲ್ಲಿ ಇಂಗ್ಲಿಷರ ದಂಡು ಬಂದಿತು. ಅಲ್ಲಿ ವಿಶಾಲವಾದ ಆವರಣದ ನಡುವೆ ಬಂಗಲೆ, ಸುತ್ತ ತೋಟ. ಅದು ಬೇರೊಂದೇ ಆಡಳಿತ, ಬೇರೊಂದೇ ಲೋಕ. ಆದರೂ ಮನೆಯ ಸುತ್ತಲೂ ಬಯಲಿರಬೇಕೆಂಬ ಆಶೆಯು ಪೇಟೆಯ ವಿದ್ಯಾವಂತರ ಮನಸ್ಸಿಗೆ ಹತ್ತಿದ್ದು ಅಲ್ಲಿಂದ. ಪೇಟೆಯ ನೈಋತ್ಯಕ್ಕೆ ೧೮೯೨ರಲ್ಲಿ ನೇರ ಬೀದಿಗಳಿಂದ ರಚಿತವಾದ ಚಾಮರಾಜಪೇಟೆಯು ಈ ಆಶೆಯ ಮೊದಲ ಫಲ. ಹೆಸರಿನಲ್ಲಿ ಇನ್ನೂ ಪೇಟೆಯೆಂದೇ ಇದ್ದರೂ ರೂಪದಲ್ಲಿ ಅದು ಬಡಾವಣೆಯಾಗಿದ್ದಿತು.

ಬಡಾವಣೆಗಳಿಗೆ ನಿಜವಾದ ತ್ವರೆ ಬಂದುದು ಮೃತ್ಯುವಿನ ಮೂಲಕ. ೧೮೯೮ರ ಆಗಸ್ಟ್ ತಿಂಗಳಲ್ಲಿ ಪ್ಲೇಗು ರೈಲು ದಾರಿಯನ್ನು ಹಿಡಿದು ಬೆಂಗಳೂರಿಗೆ ಬಂದಿತು. ಗಾಳಿಯಾಡದ ಹಿಂಗೋಡೆಗಳ, ಧಾನ್ಯದ ದಾಸ್ತಾನುಗಳ, ಇಲಿಗಳ ಬೀಡಾದ ಪೇಟೆಯಲ್ಲಿ ಅದು ಹಬ್ಬಿದ ಬಗೆಯನ್ನು ವರ್ಣಿಸಬೇಕಾದುದಿಲ್ಲ. ೧೮೯೧ರ ಜನಗಣನೆಯಲ್ಲಿ ಬೆಂಗಳೂರು ನಗರದಲ್ಲಿ ೮೦,೨೮೫ ಮಂದಿ ಇದ್ದರು, ೧೯೦೧ರಲ್ಲಿ ೬೯,೪೪೭. ದಂಡಿನ ಪ್ರದೇಶವನ್ನೂ ಸೇರಿಸಿ ಎಣಿಸಿದರೆ ೧,೮೦,೩೬೬ರಿಂದ ೧,೫೯,೦೪೬ಕ್ಕೆ ಇಳಿಯಿತು. ಸತ್ತವರೂ ಉಂಟು, ಊರು ಬಿಟ್ಟು ಓಡಿದವರೂ ಉಂಟು. ಕೆ. ಶೇಷಾದ್ರಿ ಅಯ್ಯರವರು ದಿವಾನರಾಗಿಯೂ ವಿ. ಪಿ. ಮಾಧವರಾಯರು ಪ್ಲೇಗ್ ಕಮಿಷನರರಾಗಿಯೂ ಇದ್ದ ಆ ಕಾಲದಲ್ಲಿ, ದಕ್ಷಿಣಕ್ಕೆ ದೊಡ್ಡ ಬಸವನ ಗುಡಿಯ ಎಡೆಯಲ್ಲಿ ಸುಮಾರು ೪೪೦ ಎಕರೆಗಳ ಬಸವನಗುಡಿಯೂ, ವಾಯವ್ಯಕ್ಕೆ ಕಾಡುಮಲ್ಲೇಶ್ವರನ ಎಡೆಯಲ್ಲಿ ಸುಮಾರು ೨೯೧ ಎಕರೆಗಳ ಮಲ್ಲೇಶ್ವರವೂ ರೂಪುಗೊಂಡವು. ಪಟಗಳು ಪ್ಲೇಗಿಗೆ ಮುಂಚೆಯೇ ಸಿದ್ಧವಾಗುತ್ತಿದ್ದರೂ ಜನರು ಅತ್ತ ಮುಖ ಮಾಡಿದುದು ಪ್ಲೇಗಿನಿಂದ. ಹೆಸರಘಟ್ಟದ ಕೆರೆಯಿಂದ ೧೮೯೬ರಲ್ಲಿ ಕೊಳವಿಯ ನೀರು ಬಂದಿದ್ದಿತಷ್ಟೆ. ಅದು ಬಾರದಿದ್ದರೆ ಬಂಡೆಗಳ ದಿಣ್ಣೆಯ ಮೇಲೆ ಬಡಾವಣೆಯನ್ನು ಮಾಡುವ ಯೋಚನೆಯೇ ಸಾಧ್ಯವಿರಲಿಲ್ಲ. ಬಾವಿಗೂ ಕೆರೆಗೂ ಅಂಟಿಕೊಂಡಿದ್ದ ಊರಿನ ರೂಪವನ್ನು ಕೊಳವಿಯು ಬಿಡಿಸಿತು.

ಈ ಎರಡು ಬಡಾವಣೆಗಳ ರಚನೆಯನ್ನು ಸ್ವಲ್ಪ ನಿಂತು ನೋಡಬೇಕು. ಬಸವನಗುಡಿಯ ಮಧ್ಯದಲ್ಲಿ ಚೌಕಾಕಾರದ ಉದ್ಯಾನ. ಅದರ ಕಡೆಗೆ ಮೂಲೆಗಳಿಂದ ಓರೆಯಾಗಿ ಬರುವ ಬೀದಿಗಳು. ಬೀದಿಗಳು ಸೇರುವೆಡೆಯಲ್ಲಿ ವೃತ್ತ. ಮಲ್ಲೇಶ್ವರದಲ್ಲಿ ಸಂಪಿಗೆ ರಸ್ತೆ, ಅದಕ್ಕೆ ಸಮವಾಗಿ ಬೇವಿನ ಹೆಸರಿನ ಮಾರ್ಗೋಸಾ ರಸ್ತೆ. ಇವನ್ನು ಅಡ್ಡಲಾಗಿ ಕತ್ತರಿಸುವ, ಸಂಖ್ಯೆಗಳಿಂದಲೇ ಕರೆಯಲ್ಪಡುವ ಅಡ್ಡರಸ್ತೆಗಳು. ಪೇಟೆಯಲ್ಲಿ ಬೀದಿಯ ಹೆಸರು ಸರಕನ್ನು ಹೇಳುತ್ತಿತ್ತು. ಇಲ್ಲಿ ಮರವನ್ನು ಹೇಳುತ್ತದೆ, ಇಲ್ಲವೆ ಎಣಿಕೆಯನ್ನು ಹೇಳುತ್ತದೆ. ಅಂಗಡಿಗಳಿಗೆ ಮಾರುಕಟ್ಟೆಯ ಬೀದಿಯೊಂದನ್ನು ಬಿಟ್ಟು ಉಳಿದುದೆಲ್ಲ ವಾಸಕ್ಕೆ. ನಿವೇಶನವು ಅಗಲವಾದುದರಿಂದ ಮನೆಯ ನಾಲ್ಕು ಕಡೆಗೂ ಗಾಳಿ. ಮನೆಯ ಮುಂದೆ ಹೂವು, ಹಿಂದೆ ತೆಂಗು, ಹಲಸು, ಕರಿಬೇವು. ನಡೆದು ಹೋಗುವಷ್ಟು ದೂರದಲ್ಲಿ ದೇವಸ್ಥಾನ, ಪಾಠಶಾಲೆ, ತರಕಾರಿಯ ಮಾರುಕಟ್ಟೆ. ಹತ್ತಿರ ಬೇಕಾದುವು ಹತ್ತಿರವಿದ್ದು, ದೂರವಿರಬೇಕಾದುವು ದೂರವಿದ್ದ ಈ ಹೊಂದಿಕೆಯೇ ಮುಂದಿನ ನೂರು ವರ್ಷಗಳ ಕಾಲ ಈ ಎರಡು ಬಡಾವಣೆಗಳ ಮನೆಗಳ ಕ್ರಯವನ್ನು ಎತ್ತಿ ಹಿಡಿದ ಸ್ತಂಭ. ಆ ಹೊಂದಿಕೆಯನ್ನು ಮಾಡಿದವರು ಮನೆಯ ಒಡೆಯರಲ್ಲ. ಸಂಸ್ಥಾನದ ಬೊಕ್ಕಸದ ವೆಚ್ಚದಿಂದ ಅದು ಆಯಿತು.

ಆ ರಚನೆಯ ಒಂದು ಅಂಗವನ್ನು ಪ್ರಶಂಸಕರು ಬಹಳವಾಗಿ ಹೇಳುವುದಿಲ್ಲ. ಸಾಲುಮನೆಗಳ ಬೆನ್ನಿನಲ್ಲಿ ಕಿರಿದಾದ ಓಣಿಯೊಂದು ಹಾಯ್ದು ಹೋಗುವುದು. ಇದು ಶೌಚದ ಓಣಿ. ನೆಲದೊಳಗಣ ಚರಂಡಿ ಇಲ್ಲದ ಕಾಲದಲ್ಲಿ ಮಲವನ್ನು ತಲೆಯ ಮೇಲೆ ಹೊತ್ತೊಯ್ಯುವ ಮನುಷ್ಯನು ಮುಂಬಾಗಿಲಿನಿಂದ ಬಾರದೆ, ಯಾರ ಕಣ್ಣಿಗೂ ಬೀಳದೆ ಬಂದು ಹೋಗಬೇಕೆಂಬುದೇ ಅದರ ಉದ್ದೇಶವಾಗಿದ್ದಿತು. ಮುಂಬೀದಿಯ ನಿರ್ಮಲತೆಯ ಬೆಲೆಯನ್ನು ಹಿಂದಣ ಓಣಿಯಲ್ಲಿ ಆ ಜನರು ತೆತ್ತರು. ಅವರ ವಾಸವು ಆ ಬೀದಿಗಳಲ್ಲಿರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಈ ವೃತ್ತಿಯನ್ನು ನಿಷೇಧಿಸುವ ಕಾಯಿದೆಯು ದೇಶದಲ್ಲಿ ಆದುದು ೧೯೯೩ರಲ್ಲಿ. ಒಳಚರಂಡಿ ಬಂದ ಮೇಲೆ ಓಣಿಗಳು ಕೆಲಸವಿಲ್ಲದವಾಗಿ, ಕೆಲವು ಕಡೆ ಗಿಡಗಂಟಿ ಬೆಳೆದು, ಕೆಲವು ಕಡೆ ಎರಡೂ ಬದಿಯ ಗೋಡೆಗಳು ಒಂದೊಂದು ಅಡಿ ಮುಂದಕ್ಕೆ ಸರಿದು ಮಾಯವಾದವು.

ನಿವೇಶನಗಳನ್ನು ಹಂಚುವಾಗಲೂ ಜಾತಿಯನ್ನನುಸರಿಸಿ ವಿಭಾಗಗಳನ್ನು ಗೊತ್ತುಮಾಡಲಾಗಿದ್ದಿತು. ಪೇಟೆಯ ಕುಲಬೀದಿಗಳು ಹೊಸ ಅಳತೆಯಲ್ಲಿ ಮರಳಿ ಹುಟ್ಟಿದವು. ಕೊಳ್ಳುವವನು ನೆರೆಗೆ ಕೊಡುವ ಹಣದಲ್ಲಿ ಒಂದು ಪಾಲು ಮರದ ನೆರಳಿಗೂ ಉದ್ಯಾನಕ್ಕೂ ಆದರೆ ಇನ್ನೊಂದು ಪಾಲು ತನ್ನಂಥವರೇ ನೆರೆಯವರಾಗಿರುವರೆಂಬ ನೆಮ್ಮದಿಗೆ. ಅದರ ಮರುಮುಖವು ಬೇರೆಯವರು ಬಾರರೆಂಬ ನೆಮ್ಮದಿ. ಆ ಪಾಲನ್ನು ಸದ್ಗುಣದ ಕ್ರಯವೆಂದು ಕರೆಯಲಾಗದು.

ದಂಡಿನವರು ತಮ್ಮ ಎಲ್ಲೆಯಲ್ಲಿ ೧೯೧೦ರ ಸುಮಾರಿನಲ್ಲಿ ಫ್ರೇಜರ್ ಟೌನನ್ನು ರಚಿಸಿದರು. ಅಲ್ಲಿ ಜೆ. ಎಚ್. ಸ್ಟೀಫನ್ಸ್ ಎಂಬ ಅಧಿಕಾರಿಯು ಇಲಿ ಹೊಗದಂತಹ ಮನೆಗಳ ಮಾದರಿಯನ್ನೇ ಯೋಚಿಸಿದನು. ಅಲ್ಲಿಯೂ ನಡೆದ ಕಥೆ ಇದೇ: ರೋಗಕ್ಕೆ ಹೆದರಿ ಮಾಡಿದ ಬಯಲು, ರೋಗವು ಹೋದ ಮೇಲೆ ಐಶ್ವರ್ಯವಾಯಿತು.

ಆದರೂ ಹಳೆಯ ಬಡಾವಣೆಗಳನ್ನು ಧನಿಕರ ಕೋಟೆಗಳೆಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ನ್ಯಾಯವಾಗದು. ಅದಕ್ಕೆ ಕಾರಣ ವಠಾರ. ಉದ್ದವಾದ ನಿವೇಶನದಲ್ಲಿ ಒಡೆಯನು ಮುಂದೆ ತನ್ನ ಮನೆಯನ್ನು ಕಟ್ಟಿ, ಹಿಂದೆ ಅಥವಾ ಮಗ್ಗುಲಲ್ಲಿ ಒಂದೇ ಹೆಂಚಿನ ಮಾಡಿನ ಕೆಳಗೆ ಆರೋ ಎಂಟೋ ಚಿಕ್ಕ ಮನೆಗಳ ಸಾಲನ್ನು ಕಟ್ಟಿಸುತ್ತಿದ್ದನು. ಒಂದು ನಡುಮನೆ, ಒಂದು ಅಡುಗೆಮನೆ, ಎಲ್ಲರಿಗೂ ಸೇರಿ ಒಂದು ಬಾವಿ ಅಥವಾ ನಲ್ಲಿ, ಒಂದು ಬಚ್ಚಲು. ಕಚೇರಿಯ ಗುಮಾಸ್ತರು, ಪಾಠಶಾಲೆಯ ಉಪಾಧ್ಯಾಯರು, ಗುಡಿಯ ಅರ್ಚಕರು, ಅಡುಗೆಯವರು, ಹಳ್ಳಿಯಿಂದ ಓದಲು ಬಂದ ಹುಡುಗರು, ವಿಧವೆಯರು ಇಂಥ ವಠಾರಗಳಲ್ಲಿ ಬಾಳಿದರು. ಅವರ ಮನೆಯೊಳಗೆ ಕೈಕಾಲು ಚಾಚಲು ಎಡೆಯಿಲ್ಲದಿದ್ದರೂ ಬಾಗಿಲಿನಿಂದ ಹೊರಗೆ ಬಂದೊಡನೆ ಬಂಗಲೆಯವನಿಗೆ ದೊರೆಯುವ ಉದ್ಯಾನವೇ, ಮರದ ನೆರಳೇ, ಮಾರುಕಟ್ಟೆಯೇ, ಪುಸ್ತಕಭಂಡಾರವೇ ಅವರಿಗೂ ದೊರೆಯುತ್ತಿದ್ದಿತು. ಮನೆಯ ಗುಣವು ಕಡಮೆ, ನೆರೆಯ ಗುಣವು ಪೂರ್ಣ. ಆದುದರಿಂದ ಸ್ವಲ್ಪ ಬಾಡಿಗೆಗೆ ದೊಡ್ಡ ಊರಿನ ಪ್ರಯೋಜನವೆಲ್ಲ. ನಗರರಚನೆಯ ಪಂಡಿತರು ಯಾವ ಪಟದಲ್ಲಿಯೂ ಬರೆಯದ ಈ ವಠಾರವು, ಪಟದಲ್ಲಿ ಬರೆದ ಎಷ್ಟೋ ಸಂಗತಿಗಳಿಗಿಂತ ಹೆಚ್ಚು ಜನರನ್ನು ಉದ್ಧರಿಸಿತು. ಪೊಲೀಸು, ಪುರಸಭೆ, ಒಡೆಯ ಇವರಾರೂ ಇದನ್ನು ಧರ್ಮವೆಂದು ಎಣಿಸಿದವರಲ್ಲ. ಒಡೆಯನಿಗೆ ಅದು ತಿಂಗಳ ಆದಾಯ, ಅಷ್ಟೆ.

ರೂಪವೊಂದರಿಂದಲೇ ಕ್ರಯವು ಹೇಗೆ ಬೇರೆಯಾಗುವುದೆಂಬುದಕ್ಕೆ ಮಲ್ಲೇಶ್ವರವನ್ನೂ ಅದಕ್ಕೆ ಹೊಂದಿಕೊಂಡ ಶ್ರೀರಾಮಪುರವನ್ನೂ ಜೊತೆಯಲ್ಲಿಟ್ಟು ನೋಡಬಹುದು. ಎರಡೂ ರೈಲ್ವೆ ನಿಲ್ದಾಣಕ್ಕೂ ಪೇಟೆಗೂ ಸುಮಾರಾಗಿ ಒಂದೇ ದೂರದವು. ಫಾನ್ ಟ್ಯೂನೆನ್ನನ ಲೆಕ್ಕವೊಂದೇ ಸತ್ಯವಾಗಿದ್ದರೆ ಎರಡರ ನೆಲಕ್ಕೂ ಒಂದೇ ಬೆಲೆ ಇರತಕ್ಕದ್ದು. ಆದರೆ ಮಲ್ಲೇಶ್ವರದಲ್ಲಿ ಅಗಲವಾದ ನಿವೇಶನ, ಮರದ ಸಾಲು. ಶ್ರೀರಾಮಪುರದಲ್ಲಿ ಗಿರಣಿಯ ಕೆಲಸಗಾರರೂ ಕೂಲಿಕಾರರೂ ಒತ್ತಾಗಿ ನೆಲೆಸಿದ ಇಕ್ಕಟ್ಟಿನ ಗಲ್ಲಿಗಳು. ಗಿರಣಿಯ ಹೊಗೆ, ಕೂಗು, ಪಾಳಿಯ ಗದ್ದಲ ಇವು ಹತ್ತಿರದ ನೆಲದ ಬೆಲೆಯನ್ನು ಇಳಿಸಿದವು. ಇಳಿದ ಬೆಲೆಯೇ ಕೆಲಸಗಾರನಿಗೆ ಕೆಲಸದ ಹತ್ತಿರ ಸೂರು ಸಿಕ್ಕುವಂತೆ ಮಾಡಿತು. ಮುಂದೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಸಂಪಿಗೆ ರಸ್ತೆಯ ಕೊನೆಯಲ್ಲಿ ರಾಜಾ ಮಿಲ್ಲು ಇದ್ದ ನೆಲದ ಮೇಲೆ ಇಪ್ಪತ್ತೊಂದನೆಯ ಶತಮಾನದಲ್ಲಿ ಅಂಗಡಿಗಳ ಮಹಾಭವನವು ಎದ್ದಿತು. ಅದೇ ನೆಲ, ನೆರೆಯವರ ಬೆಲೆಯನ್ನು ಒಂದು ಕಾಲದಲ್ಲಿ ತಗ್ಗಿಸುತ್ತಿದ್ದುದು ಈಗ ಏರಿಸಲು ತೊಡಗಿತು.

ಕೆರೆಗಳ ಕಥೆಯು ಇನ್ನೂ ವಿಪರೀತ. ತುಂಬಿದ ಕೆರೆಯ ಎದುರಿನ ಮನೆಗೆ ಬೆಲೆ ಹೆಚ್ಚು. ೧೮೮೨ರಲ್ಲಿ ಕಟ್ಟಿದ ಸ್ಯಾಂಕಿ ಕೆರೆಯ ದಡದಲ್ಲಿ ಇದನ್ನು ಯಾರಾದರೂ ಕಾಣಬಹುದು. ಆದರೆ ಬೆಲೆ ಏರಿದ ಊರಿನಲ್ಲಿ ಕೆರೆಯ ತಳವೇ ಎಲ್ಲಕ್ಕಿಂತ ಸುಲಭವಾಗಿ ಸಿಕ್ಕುವ ನೆಲ. ಕೊಳವಿಯ ನೀರು ಬಂದ ಮೇಲೆ ಕೆರೆಗಳನ್ನು ಕಾಯುವ ಅಗತ್ಯವು ಊರಿಗೆ ಕಾಣದೆ ಹೋಯಿತು. ಸಿದ್ದಿಕಟ್ಟೆಯ ಮೇಲೆ ೧೯೨೧ರಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆ ಬಂದಿತು. ಧರ್ಮಾಂಬುಧಿಯು ಬತ್ತಿ ಮೈದಾನವಾಗಿ, ಆ ಮೇಲೆ ಬಸ್ಸುಗಳ ನಿಲ್ದಾಣವಾಯಿತು. ಸಂಪಂಗಿ ಕೆರೆಯು ಕ್ರೀಡಾಂಗಣವಾಯಿತು. ಕೋರಮಂಗಲದ ಕೆರೆಯಂಗಳದಲ್ಲಿ ೧೯೯೭ರ ರಾಷ್ಟ್ರೀಯ ಕ್ರೀಡೆಗಳಿಗಾಗಿ ಕಟ್ಟಿದ ವಸತಿಗಳು ನಿಂತವು. ಮಳೆಗಾಲದಲ್ಲಿ ನೀರು ತನ್ನ ಹಳೆಯ ಮನೆಯನ್ನು ಹುಡುಕಿಕೊಂಡು ಬಂದಾಗ ಮಾತ್ರ ಚಕ್ಕುಬಂದಿಯಲ್ಲಿ ಬರೆಯದೆ ಬಿಟ್ಟ ಎಲ್ಲೆಯೊಂದು ಇದ್ದಿತೆಂಬುದು ಕೊಂಡವರಿಗೆ ತಿಳಿಯುತ್ತದೆ.

ಸ್ವಾತಂತ್ರ್ಯದ ಹೊತ್ತಿಗೆ ಬಡಾವಣೆಗಳನ್ನು ಮಾಡುವ ಕಾರ್ಯವು ಒಂದು ಮಂಡಲಿಯ ಕೈಗೆ ಬಂದಿದ್ದಿತು. ೧೯೪೫ರಲ್ಲಿ ಸ್ಥಾಪಿತವಾದ ನಗರಾಭಿವೃದ್ಧಿ ವಿಶ್ವಸ್ತ ಮಂಡಲಿಯು ೧೯೪೮ರಲ್ಲಿ ಲಾಲ್‌ಬಾಗಿನ ದಕ್ಷಿಣಕ್ಕೆ ಜಯನಗರವನ್ನು ಆರಂಭಿಸಿತು. ೧೯೭೬ರಲ್ಲಿ ಅದರ ಸ್ಥಾನದಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಬಂದಿತು. ಕ್ರಮವೇನೋ ಸರಳ. ರೈತನ ಹೊಲವನ್ನು ಹೊಲದ ಬೆಲೆಗೆ ವಶಪಡಿಸಿಕೊಳ್ಳುವುದು. ಬೀದಿ, ಚರಂಡಿ, ಉದ್ಯಾನಗಳಿಗೆ ನೆಲ ಬಿಟ್ಟು ಉಳಿದುದನ್ನು ನಿವೇಶನಗಳಾಗಿ ಮಾಡುವುದು. ಅರ್ಜಿದಾರರಿಗೆ ಪೇಟೆಯ ಧಾರಣೆಗಿಂತ ಕಡಮೆಗೆ ಹಂಚುವುದು. ಮಧ್ಯಮವರ್ಗದ ಎಷ್ಟೋ ಸಂಸಾರಗಳು ಮೂವತ್ತು ಅಡಿ ನಾಲ್ವತ್ತು ಅಡಿಯ ನೆಲದ ಮೇಲೆ ತಲೆಯೆತ್ತಿ ನಿಂತುದು ಈ ಕ್ರಮದಿಂದ. ಆದರೆ ಹೊಲದ ಬೆಲೆಗೂ ನಿವೇಶನದ ಬೆಲೆಗೂ ನಡುವಣ ಅಂತರವನ್ನು ಯಾರು ಉಂಡರು? ಅದು ಉತ್ತವನಿಗೆ ಬರಲಿಲ್ಲ. ಮಂಡಲಿಗೆ ಸ್ವಲ್ಪ ಬಂದಿತು. ಮೊದಲು ಹಂಚಿಕೆ ಪಡೆದವನಿಗೂ ಅವನ ಮಕ್ಕಳಿಗೂ ಬಹುಪಾಲು ಬಂದಿತು. ೧೯೬೧ರ ನಗರ ಮತ್ತು ಗ್ರಾಮಾಂತರ ಯೋಜನೆಯ ಕಾಯಿದೆಯಲ್ಲಿ ನೆಲದ ವಿನಿಯೋಗವು ಬದಲಾದಾಗ ಅಭಿವೃದ್ಧಿಯ ಶುಲ್ಕವನ್ನು ತೆಗೆದುಕೊಳ್ಳುವ ವಿಧಿಯಿದೆ. ಪೈಪೋಟಿಯ ಹೆಚ್ಚಳವನ್ನೆಲ್ಲ ಬೊಕ್ಕಸಕ್ಕೆ ಸೇರಿಸಿದ ಕೌಟಿಲ್ಯನ ವಿಧಿಯ ಮುಂದೆ ಅದು ಬಹು ಮೃದುವಾದುದು. ಕೌಟಿಲ್ಯನ ವಿಧಿಯು ಕ್ರೂರವೆಂದು ತಳ್ಳಿಹಾಕುವವರು, ಊರಿನ ಹಣದಿಂದ ಆದ ಉದ್ಯಾನದ ಎದುರಿನಲ್ಲಿ ಒಬ್ಬನ ಸೊತ್ತು ಸುಮ್ಮನೆ ಕುಳಿತಲ್ಲಿ ನೂರ್ಮಡಿಯಾದಾಗ ಅದನ್ನು ಯಾವ ನ್ಯಾಯದಿಂದ ಅವನ ಸಂಪಾದನೆಯೆಂದು ಕರೆಯುವರೋ ಹೇಳಬೇಕು.

ಹೊಲಗಳನ್ನು ಕೊಂಡ ಮಂಡಲಿಯು ಹಳ್ಳಿಗಳ ಊರುನಡುವನ್ನು ಕೊಳ್ಳಲಿಲ್ಲ. ಆದುದರಿಂದ ಜಯನಗರದ ನೇರ ಬೀದಿಗಳಲ್ಲಿ ನಡೆಯುತ್ತಿರುವವನು ಯಡಿಯೂರು, ಭೈರಸಂದ್ರ, ಸಿದ್ದಾಪುರಗಳ ಎಡೆಗೆ ಬಂದೊಡನೆ ಬೀದಿಯು ಇದ್ದಕ್ಕಿದ್ದಂತೆ ಡೊಂಕಾಗಿ, ಮನೆಗಳು ಒಂದಕ್ಕೊಂದು ಆತುಕೊಂಡು, ಗುಡಿಯ ಮುಂದಣ ಅರಳಿಕಟ್ಟೆ ಕಾಣುವುದು. ಹತ್ತು ಹೆಜ್ಜೆಗಳಲ್ಲಿ ನೆಲದ ಬೆಲೆಯೂ ಇಳಿಯುವುದು. ಹೂವು ಕಟ್ಟುವವರು, ಬಟ್ಟೆ ತೇಯುವವರು, ಬಡಾವಣೆಯ ಮನೆಗಳಲ್ಲಿ ಪಾತ್ರೆ ತೊಳೆಯುವವರು ವಾಸವಾಗಿರುವುದು ಇಲ್ಲಿ. ತಮ್ಮ ಹಿರಿಯರು ರಾಗಿ ಬೆಳೆದ ಹೊಲದ ಮೇಲಣ ಮನೆಯ ಅಂಗಳವನ್ನು ಗುಡಿಸಲು ಬೆಳಗಿನಲ್ಲಿ ಹೋಗುವವರೂ ಅವರಲ್ಲಿ ಉಂಟು.

ಹಳೆಯ ಬಡಾವಣೆಗಳಿಗೆ ಈಗ ಬಂದಿರುವ ವಿಪತ್ತು ಪ್ಲೇಗಿನಂತೆ ಹೊರಗಿನಿಂದ ಬಂದುದಲ್ಲ. ಅವುಗಳ ಬೆಲೆಯೇ ಅವುಗಳಿಗೆ ವಿಪತ್ತು. ಬಯಲಿದ್ದುದರಿಂದ ಬೆಲೆ ಬಂದಿತು. ಬೆಲೆ ಬಂದುದರಿಂದ ಬಯಲನ್ನು ಬರಿದೆ ಬಿಡುವುದು ಮೂರ್ಖತನವೆಂದಾಯಿತು. ತಂದೆಯ ನಿವೇಶನಕ್ಕೆ ನಾಲ್ವರು ಮಕ್ಕಳು. ಒಬ್ಬನು ಅಲ್ಲಿರುವನು, ಇಬ್ಬರು ಪರದೇಶದಲ್ಲಿ, ಮಗಳು ಬೇರೂರಿನಲ್ಲಿ. ಅಂಗಳವನ್ನೂ ಮಾವಿನ ಮರವನ್ನೂ ನಾಲ್ಕು ಪಾಲು ಮಾಡಲಾಗದು, ಹಣವನ್ನು ಮಾಡಬಹುದು. ಕಂತ್ರಾಟುದಾರನು ಬಂದು ಮಾಡನ್ನು ಕೆಡವಿ, ನಾಲ್ಕು ಅಂತಸ್ತನ್ನು ಎತ್ತಿ, ಒಡಹುಟ್ಟಿದವರಿಗೆ ಒಂದೊಂದು ಮನೆಯನ್ನು ಕೊಟ್ಟು, ಉಳಿದುದನ್ನು ಮಾರಿಕೊಳ್ಳುತ್ತಾನೆ. ಇದರಲ್ಲಿ ಯಾರ ದುರ್ಬುದ್ಧಿಯೂ ಇಲ್ಲ. ಒಬ್ಬೊಬ್ಬನೂ ತನ್ನ ನೆರೆಯ ಬಯಲನ್ನು ನಂಬಿ ತನ್ನ ಬಯಲನ್ನು ಮಾರುತ್ತಾನೆ. ನೆರೆಯವನೂ ಹಾಗೆಯೇ ಎಣಿಸಿರುತ್ತಾನೆ. ೨೦೦೭ರಲ್ಲಿ ಅಂಗೀಕೃತವಾದ ನಗರದ ಪರಿಷ್ಕೃತ ಮಹಾಯೋಜನೆಯು ಬೀದಿಯ ಅಗಲವನ್ನನುಸರಿಸಿ ವಾಸದ ಬೀದಿಗಳಲ್ಲಿಯೂ ವ್ಯಾಪಾರಕ್ಕೆ ಎಡೆಮಾಡಿಕೊಟ್ಟಾಗ ಹಳೆಯ ನಿವಾಸಿಗಳು ಹಲವು ಕಡೆ ಪ್ರತಿಭಟಿಸಿದರು. ವ್ಯಾಪಾರವು ಬಂದ ಬೀದಿಯಲ್ಲಿ ಮನೆಯ ನೆಲಕ್ಕೆ ಅಂಗಡಿಯ ಬೆಲೆ ಬರುವುದು. ಮಾರುವವನಿಗೆ ಲಾಭ, ಉಳಿದುಕೊಳ್ಳುವವನಿಗೆ ಗದ್ದಲ. ಬಸವನಗುಡಿಯ ಗಾಂಧಿ ಬಜಾರಿನ ಸುತ್ತಣ ಅಡ್ಡರಸ್ತೆಗಳಲ್ಲಿ ಈ ಎರಡು ಬಗೆಯವರನ್ನೂ ಒಂದೇ ಗೋಡೆಯ ಎರಡು ಬದಿಯಲ್ಲಿ ಕಾಣಬಹುದು.

ಮೊದಲು ಮಾಯವಾದುದು ವಠಾರ. ಬಾಡಿಗೆಯ ನಿಯಂತ್ರಣದ ಕಾಯಿದೆಗಳ ಕಾಲದಲ್ಲಿ ಅಲ್ಪ ಬಾಡಿಗೆ ತರುತ್ತಿದ್ದ ಸಾಲುಮನೆಗಳ ನೆಲವು ಬಾಡಿಗೆಯ ಎಷ್ಟೋ ಪಾಲು ಹೆಚ್ಚು ಬೆಲೆ ಬಾಳತೊಡಗಿದಾಗ, ಬಾಡಿಗೆದಾರರಿಗೆ ಒಂದಿಷ್ಟು ಹಣ ಕೊಟ್ಟೋ, ನ್ಯಾಯಾಲಯಕ್ಕೆ ಎಳೆದೋ, ಮಾಡಿನ ಹೆಂಚು ಜಾರಿದರೂ ಸರಿಮಾಡಿಸದೆ ಬಿಟ್ಟೋ ಒಡೆಯರು ಅವುಗಳನ್ನು ಬರಿದು ಮಾಡಿದರು. ಅರ್ಚಕರೂ ಅಡುಗೆಯವರೂ ನಿವೃತ್ತ ಗುಮಾಸ್ತರೂ ನಗರದ ಅಂಚಿಗೆ ಸರಿದರು. ಹೊಲದ ನಡುವೆ ಯಾರೋ ಬಳಪದಿಂದ ಗೀಟು ಹಾಕಿದಂತೆ ರಚಿಸಿದ, ಉದ್ಯಾನವಿಲ್ಲದ, ಚರಂಡಿಯಿಲ್ಲದ ಖಾಸಗಿ ಬಡಾವಣೆಗಳಲ್ಲಿ ಅವರಿಗೆ ಮನೆಯೇನೋ ಮೊದಲಿಗಿಂತ ದೊಡ್ಡದಾಗಿ ದೊರೆಯಿತು. ಮುಂಜಾನೆಯ ಪೂಜೆಗೆ ಬಸವನಗುಡಿಗೆ ಬರಬೇಕಾದ ಅರ್ಚಕನು ಎರಡು ಬಸ್ಸುಗಳನ್ನು ಹಿಡಿಯುವಂತಾಯಿತು.

ಇತ್ತ ಪೇಟೆಯಲ್ಲಿ ಮನೆಗಳು ದಾಸ್ತಾನಿನ ಕೊಠಡಿಗಳಾಗಿ, ತೊಟ್ಟಿಯ ಮೇಲೆ ತಗಡು ಹೊದಿಸಿ, ಅಂಗಡಿಯ ಮೇಲೆ ಅಂ‌ಗಡಿ ಏರಿದೆ. ಹಗಲು ಕಾಲಿಡಲು ಎಡೆಯಿಲ್ಲದ ಎಷ್ಟೋ ಬೀದಿಗಳಲ್ಲಿ ರಾತ್ರಿ ದೀಪ ಹಚ್ಚುವ ಮನೆಗಳು ವಿರಳ. ೨೦೧೭ರ ಜೂನ್ ತಿಂಗಳಲ್ಲಿ ಮೆಟ್ರೋ ರೈಲಿನ ಉತ್ತರ ದಕ್ಷಿಣದ ಹಾದಿಯು ಈ ಪೇಟೆಯ ನೆಲದಡಿಯ ಸುರಂಗದ ಮೂಲಕ ಪೂರ್ಣವಾಯಿತು. ಸಂಪಿಗೆ ರಸ್ತೆಯಲ್ಲಿ ಹತ್ತಿದವನು ಮೆಜೆಸ್ಟಿಕ್, ಚಿಕ್ಕಪೇಟೆ, ಕೃಷ್ಣರಾಜೇಂದ್ರ ಮಾರುಕಟ್ಟೆಗಳನ್ನು ದಾಟಿ ಬಸವನಗುಡಿಯ ಅಂಚಿನಲ್ಲಿರುವ ನ್ಯಾಷನಲ್ ಕಾಲೇಜಿನ ಬಳಿ ಬೆಳಕಿಗೆ ಬರುತ್ತಾನೆ. ಮುಂದೆ ಲಾಲ್‌ಬಾಗು, ಅದರಾಚೆ ಜಯನಗರ. ಪ್ಲೇಗಿಗೆ ಹೆದರಿ ಎರಡು ದಿಕ್ಕುಗಳಿಗೆ ಅಗಲಿ ಹೋದ ಎರಡು ಬಡಾವಣೆಗಳು, ತಾವು ಬಿಟ್ಟುಬಂದ ಪೇಟೆಯ ಕೆಳಗಿನಿಂದ ಹೀಗೆ ಕೂಡಿಕೊಂಡವು. ನಿಲ್ದಾಣದಿಂದ ಎಷ್ಟು ಹೆಜ್ಜೆ ಎಂಬುದು ಅಂದಿನಿಂದ ಮನೆ ಮಾರುವವರ ಜಾಹೀರಾತುಗಳಲ್ಲಿ ಮೊದಲನೆಯ ಸಾಲಾಗಿದೆ.